ಗೋಡೆ ವಾಲುವ ದಿಕ್ಕು

ನಮ್ಮೂರಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಗೋಡೆಗೆ ಹೊಡೆದಿರುವ ಹಲಗೆಯ ಅಂಚಿಗೆ ಚಹಾದ ಲೋಟ ಇಡಬೇಡಿ. ಅವರು ನಗುತ್ತಾರೆ. ಇವಳಿಗೆ ಲೋಟ ಒಡೆಯುವ ಚಿಂತೆ ಅಂದುಕೊಳ್ಳುತ್ತಾರೆ. ಚಿಂತೆ ಇದೆ, ಇಲ್ಲ ಅನ್ನುವುದಿಲ್ಲ, ಲೋಟಗಳು ನನ್ನವು. ಆದರೆ ನಮ್ಮಲ್ಲಿ ಗೋಡೆ ನಿಲ್ಲಿಸಿದವರು ಊರಿನ ಗಡಿಕಲ್ಲು ದಾಟಿದರೆ ಅವರು ಹೋದ ದಿಕ್ಕಿಗೆ ಆ ಗೋಡೆ ವಾಲುತ್ತದೆ. ಬಿದ್ದುಹೋಗುವಷ್ಟೇನಲ್ಲ. ಒಂದು ಬೆರಳು, ಎರಡು ಬೆರಳು, ಬಹಳ ಕಾಲ ಬಾರದೇ ಹೋದರೆ ಒಂದು ಗೇಣು. ಹೋದವರು ತಿರುಗಿ ಬಂದರೆ ಮತ್ತೆ ನೆಟ್ಟಗಾಗುತ್ತದೆ. ಹೀಗೆ ಯಾಕೆ ಎಂದು ಕೇಳಿದವರನ್ನು ನಾನು ಚಹಾ ಬೇಕೋ ಕಾಫಿ ಬೇಕೋ ಎಂದು ಕೇಳುತ್ತೇನೆ.

ಹೊಂದಿಕೊಂಡಿದ್ದೇವೆ. ಪ್ರತಿ ಮನೆಯಲ್ಲೂ ಕ್ಯಾಲೆಂಡರಿನ ಪಕ್ಕದ ಮೊಳೆಗೆ ದಾರ ಕಟ್ಟಿದ ಹಿತ್ತಾಳೆಯ ತೂಗುಗುಂಡು ನೇತಾಡುತ್ತಿರುತ್ತದೆ. ಬೆಳಿಗ್ಗೆ ಎದ್ದವರು ತಾರೀಖು ನೋಡುವ ಮೊದಲು ಗುಂಡು ನೋಡುತ್ತಾರೆ. ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡರೆ ಯಾರೋ ಬಸ್ಸು ಹತ್ತಿದರು ಎಂದು ಅರ್ಥ. ಇದರಿಂದಾಗಿ ಗಾರೆ ಮೇಸ್ತ್ರಿಗಳಿಗೆ ನಮ್ಮೂರಲ್ಲಿ ರಾಜಮರ್ಯಾದೆ. ಅವರಿಗೆ ಹೆಣ್ಣು ಊರೊಳಗೇ ಹುಡುಕುತ್ತಿದ್ದರು. ಪರಊರಿನ ಮದುವೆಗೆ ಅವರು ಹೊರಟರೆ, ಅವರು ಕಟ್ಟಿದ ಮನೆಗಳವರು ಬೊಂಬು ತಂದು ಗೋಡೆಗೆ ಆನಿಸಿ, ಊಟ ಮುಗಿಸಿ ಬೇಗ ಬಂದ್ಬಿಡಪ್ಪಾ ಎಂದು ಕೈಮುಗಿದು ಕಳಿಸುತ್ತಿದ್ದರು.

ನನ್ನ ಹೆಸರು ಕೊಟ್ರಮ್ಮ. ಕೂಲಿಚೌಕದಲ್ಲಿ ಚಹಾ ಅಂಗಡಿ. ಬೆಳಿಗ್ಗೆ ಗಾರೆ ಮೇಸ್ತ್ರಿಗಳು, ಕಂಬಿ ಕಟ್ಟುವವರು, ಬಡಗಿಗಳು, ಟೈಲ್ಸಿನವರು, ಬಾಂಡ್ಲಿ ಹೊರುವ ಹೆಂಗಸರು ಎಲ್ಲರೂ ನನ್ನ ಬೆಂಚಿನ ಸುತ್ತಮುತ್ತಲೇ ನಿಲ್ಲುತ್ತಾರೆ. ಕಂಟ್ರಾಕ್ಟರುಗಳು ಬಂದು ಬೇಕಾದವರನ್ನು ಕರೆದುಕೊಂಡು ಹೋಗುತ್ತಾರೆ. ಯಾರ ಕೂಲಿ ಏರಿತು, ಯಾರದು ನಿಂತಲ್ಲೇ ನಿಂತಿತು ಎನ್ನುವುದು ಪುರಸಭೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಏರಿದವನು ಚಹಾದ ಜೊತೆ ಬನ್ನು ಕೇಳುತ್ತಾನೆ. ಏರದವನು ನಿನ್ನೆಯ ಬನ್ನು ಇದೆಯಾ ಎನ್ನುತ್ತಾನೆ.

ಹಿಂದೆ ಚೌಕ ತುಂಬ ಮೇಸ್ತ್ರಿಗಳಿದ್ದರು. ಅವರ ಮಕ್ಕಳು ಕರಣೆ ಹಿಡಿಯಲಿಲ್ಲ. ಒಬ್ಬ ಆಟೋ ತಗೊಂಡ, ಇನ್ನೊಬ್ಬ ಮೊಬೈಲ್ ಅಂಗಡಿ ಹಾಕಿದ. ಕೈಕೆಲಸ ಬೇಕು ಅಂದವರೂ ಟೈಲ್ಸ್ ಕೆಲಸ ಕಲಿತರು. ಯಾಕೆಂದರೆ ನೆಲ ಯಾವ ಕಡೆಗೂ ವಾಲುವುದಿಲ್ಲ, ಟೈಲ್ಸ್ ಕೂರಿಸುವವರು ಬೇಕಾದಲ್ಲಿಗೆ ಹೋಗಬಹುದು. ಹಾಗಾಗಿ ಗಾರೆ ಮೇಸ್ತ್ರಿಗಳು ಕೈಬೆರಳಲ್ಲಿ ಎಣಿಸುವಷ್ಟಾದರು, ಅವರ ಕೂಲಿ ವರ್ಷ ವರ್ಷಕ್ಕೂ ಮೇಲೇರಿತು. ಕೂಲಿ ಏರಿದಂತೆ ಅವರ ಹೆಂಡತಿಯರು ಬಕೆಟ್ಟು ಕೆಳಗಿಟ್ಟು ಮನೆಯಲ್ಲಿ ಕೂತರು. ಮೊದಲೆಲ್ಲ ಗಂಡ ಕಟ್ಟಿದ ಹಸಿ ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹಾಕುವುದು ಹೆಂಡತಿಯ ಕೆಲಸವಾಗಿತ್ತು. ಈಗ ಆ ಕೆಲಸ ಚೌಕದಲ್ಲಿ ನಿಂತ ಹೆಂಗಸರಿಗೆ ಬಂತು. ಅದಕ್ಕೆ ಕೊಡುತ್ತಿದ್ದದ್ದು ಮೇಸ್ತ್ರಿಯ ಕೂಲಿಯ ಕಾಲು ಭಾಗ. ನೀರು ಹಾಕೋದಕ್ಕೆ ಏನು ಮಹಾ ಬುದ್ಧಿ ಬೇಕು ಎನ್ನುವುದು ಕಂಟ್ರಾಕ್ಟರ್ ರುದ್ರಮುನಿಯವರ ಮಾತು.

ಆ ಹೆಂಗಸರಲ್ಲಿ ಒಬ್ಬಳು ಪಾಲಕ್ಕ. ನನ್ನ ಓರಗೆಯವಳು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಾತು ಕಡಿಮೆ, ಹಟ ಜಾಸ್ತಿ, ಗಡಿಕಲ್ಲು ದಾಟಿದವಳೇ ಅಲ್ಲ. ಊರಿನ ದೊಡ್ಡ ಮೇಸ್ತ್ರಿ ಓಬಳೇಶ ಕಟ್ಟಿದ ಗೋಡೆಗಳಿಗೆ ಹೆಚ್ಚುಕಡಿಮೆ ಇವಳೇ ನೀರು ಹಾಕುತ್ತಿದ್ದಳು. ಓಬಳೇಶ ಮದುವೆಯಾಗದವನು. ಗೋಡೆಯೇ ನನ್ನ ಸಂಸಾರ ಅನ್ನುತ್ತಿದ್ದ. ಶಾಲೆ, ಬ್ಯಾಂಕು, ಪುರಸಭೆ ಕಚೇರಿ, ಹೆರಿಗೆ ಆಸ್ಪತ್ರೆ, ಊರಿನ ಅರ್ಧಕ್ಕರ್ಧ ಮನೆ, ಕೊನೆಗೆ ನನ್ನ ಅಂಗಡಿಯ ಹಿಂದಿನ ಗೋಡೆ, ಎಲ್ಲ ಓಬಳೇಶನ ಕೈಯವು, ಪಾಲಕ್ಕ ನೀರು ಹಾಕಿದವು. ಅವಳು ಪೈಪು ಮುಟ್ಟುತ್ತಿರಲಿಲ್ಲ. ಬಕೆಟ್ಟು, ಹಿತ್ತಾಳೆ ಚೊಂಬು. ಅಂಗೈಯನ್ನು ಗೋಡೆಗೆ ಒತ್ತಿ ಸ್ವಲ್ಪ ಹೊತ್ತು ನಿಲ್ಲುವಳು.

"ಏನೇ ಪಾಲಿ, ಗೋಡೆಗೆ ಜ್ವರ ನೋಡ್ತಿದೀಯಾ?" ಎಂದು ನಾನು ರೇಗಿಸುತ್ತಿದ್ದೆ.

"ದಾಹ ನೋಡ್ತಿದೀನಿ ಕೊಟ್ರಕ್ಕ. ಬ್ಯಾಡ ಅಂದಾಗ ಹಾಕಿದ್ರೆ ಇದು ಕುಡಿಯಂಗಿಲ್ಲ," ಎನ್ನುವಳು.

ಇನ್ನು ಓಬಳೇಶನ ಬ್ಯಾಗಿನ ಕಥೆ. ದೊಡ್ಡೂರಿನ ಏಜೆಂಟರು ಒಳ್ಳೆ ಮೇಸ್ತ್ರಿಗಳನ್ನು ಹುಡುಕಿಕೊಂಡು ಊರೂರು ತಿರುಗುವ ಕಾಲ ಅದು. ಪ್ರತಿ ವರ್ಷ ಅವರು ಬಂದಾಗ ಓಬಳೇಶ ಒಂದು ಕೆಂಪು ಬ್ಯಾಗು ಹೆಗಲಿಗೇರಿಸಿ ಗಡಿಕಲ್ಲಿನ ಕಡೆಗೆ ನಡೆಯುತ್ತಿದ್ದ. ನಿಧಾನವಾಗಿ, ಎಲ್ಲರಿಗೂ ಕಾಣುವ ಹಾಗೆ, ನನ್ನ ಅಂಗಡಿಯಲ್ಲಿ ಚಹಾ ಕುಡಿದೇ. ಊರಿಗೆ ಊರೇ ಹೌಹಾರುತ್ತಿತ್ತು. ರುದ್ರಮುನಿ ಸ್ಕೂಟರ್ ಹತ್ತಿ ಹಿಂದೆ ಬಿದ್ದು, ಕಲ್ಲು ಮುಟ್ಟುವಷ್ಟರಲ್ಲಿ ಕೂಲಿ ಏರಿಸಿ ವಾಪಸ್ಸು ಕರೆತರುತ್ತಿದ್ದರು. ಏರಿಸಿದ್ದನ್ನು ಎಲ್ಲಿಂದ ತರುತ್ತಿದ್ದರು? ಬಾಂಡ್ಲಿ ಹೊರುವವರ, ನೀರು ಹಾಕುವವರ ಪಾಲಿನಿಂದಲೇ. ಪಾಲಕ್ಕ ಆ ದಿನ ಅರ್ಧ ಲೋಟ ಚಹಾ ಕೊಡು ಸಾಕು ಎನ್ನುತ್ತಿದ್ದಳು. ನಾನು ಓಬಳೇಶನನ್ನು ಬೈದುಕೊಳ್ಳುತ್ತ ಪೂರ್ತಿ ಲೋಟವೇ ಕೊಡುತ್ತಿದ್ದೆ.

ಹೋದ ವರ್ಷ ರುದ್ರಮುನಿ ಅದೇನು ಲೆಕ್ಕ ಹಾಕಿದರೋ, ಸ್ಕೂಟರ್ ಹತ್ತಲಿಲ್ಲ. ಓಬಳೇಶ ಗಡಿಕಲ್ಲಿನವರೆಗೆ ಹೋಗಿ, ಎರಡು ಸಲ ಹಿಂತಿರುಗಿ ನೋಡಿ, ಮರ್ಯಾದೆ ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲದೆ ಏಜೆಂಟನ ಗಾಡಿ ಹತ್ತಿಬಿಟ್ಟ. ಊರೆಲ್ಲ ಬೊಂಬು ಹೊತ್ತು ಓಡಾಡಿತು. ಶಾಲೆಗೆ ರಜೆ ಕೊಟ್ಟರು. ಬ್ಯಾಂಕಿನವರು ಬೀರುಗಳಿಗೆ ಹಗ್ಗ ಬಿಗಿದರು. ಎಲ್ಲರೂ ಅವರವರ ಗುಂಡಿನ ಮುಂದೆ ಉಸಿರು ಬಿಗಿಹಿಡಿದು ಕೂತರು.

ಏನೂ ಆಗಲಿಲ್ಲ. ಗುಂಡುಗಳು ಗೋಡೆಗೆ ಅಂಟಿದಂತೆ ನೆಟ್ಟಗೆ ನಿಂತಿದ್ದವು. ಮರುದಿನವೂ ಅಷ್ಟೆ, ವಾರವಾದರೂ ಅಷ್ಟೆ. ಮೊದಲು ಸಮಾಧಾನ, ಆಮೇಲೆ ನಗು, ಆಮೇಲೆ ಸಿಟ್ಟು ಬಂತು ಜನರಿಗೆ. ಇಷ್ಟು ವರ್ಷ ಈ ಮನುಷ್ಯನ ಬ್ಯಾಗಿಗೆ ಹೆದರಿ ದಂಡ ತೆತ್ತೆವಲ್ಲ! ರುದ್ರಮುನಿಯವರಂತೂ ಮೀಸೆ ಮೇಲೆ ಕೈಯಾಡಿಸುತ್ತ ಚೌಕಕ್ಕೆ ಬಂದು, ಗೋಡೆ ವಾಲೋದು ಹಳೇ ಕಾಲದ ಮಾತು, ಇನ್ಮೇಲೆ ಯಾರು ಬೇಕಾದರೂ ಹೋಗಬಹುದು ಎಂದು ಹೇಳಿ, ಉಳಿದ ಮೇಸ್ತ್ರಿಗಳ ಕೂಲಿಯನ್ನೂ ಇಳಿಸಿದರು. ಹೆಂಗಸರದ್ದು ಇಳಿಸಲು ಇನ್ನೇನು ಉಳಿದಿತ್ತೋ, ಅದನ್ನೂ ಇಳಿಸಿದರು. ಆ ತಿಂಗಳು ನನ್ನ ಬನ್ನುಗಳೆಲ್ಲ ಒಣಗಿ ಕಲ್ಲಾದವು.

ಅಷ್ಟರಲ್ಲಿ ಪಾಲಕ್ಕನ ಮಗಳು ಹುಲಿಗಿಯ ಫೋನು ಬಂತು. ಹುಲಿಗಿ ದೊಡ್ಡೂರಿನಲ್ಲಿ ಗಂಡನ ಜೊತೆ ಟೈಲ್ಸ್ ಕೂರಿಸುವ ಕೆಲಸ ಮಾಡುತ್ತಿದ್ದಳು. ಅಲ್ಲಿ ಅವಳಿಗೂ ಗಂಡನಿಗೂ ಒಂದೇ ಕೂಲಿ ಎಂದು ಪಾಲಕ್ಕ ನನ್ನೊಬ್ಬಳ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಈಗ ಅವಳು ಬಸುರಿ. ರಕ್ತದೊತ್ತಡ ಜಾಸ್ತಿಯಾಗಿದೆ, ಮಲಗಿದಲ್ಲಿಂದ ಏಳಬೇಡ ಎಂದು ಡಾಕ್ಟರು ಹೇಳಿದ್ದರು. ಪಾಲಕ್ಕ ರುದ್ರಮುನಿಯವರ ಮುಂದೆ ನಿಂತು, ಮಗಳನ್ನು ನೋಡಿಕೊಂಡು ಬರಲು ಎರಡು ದಿನ ರಜೆ ಕೇಳಿದಳು.

"ಹೋಗಮ್ಮಾ, ಧಾರಾಳವಾಗಿ ಹೋಗು. ನೀರು ಹಾಕೋಕೆ ನೂರು ಜನ ಸಿಗ್ತಾರೆ," ಎಂದರು ಅವರು, ತಲೆ ಎತ್ತದೆ.

ಪಾಲಕ್ಕ ಬಕೆಟ್ಟನ್ನು ನನ್ನ ಅಂಗಡಿಯ ಮೂಲೆಯಲ್ಲಿ ಬೋರಲು ಹಾಕಿ ಬೆಳಗಿನ ಬಸ್ಸು ಹತ್ತಿದಳು. ನಾನು ಎರಡನೇ ಸಲ ಹಾಲು ಕಾಯಿಸುತ್ತಿದ್ದೆ. ಹಿಂದಿನ ಗೋಡೆಯ ಹಲಗೆಯ ಮೇಲಿದ್ದ ಲೋಟಗಳೆಲ್ಲ ಒಂದಕ್ಕೊಂದು ತಾಗುತ್ತ ಸರಿದು ಗೋಡೆಗೆ ಒರಗಿ ನಿಂತವು. ಪಕ್ಕದ ಕ್ಷೌರದಂಗಡಿಯ ಮಲ್ಲಣ್ಣ "ಅಯ್ಯಯ್ಯೋ!" ಎಂದು ಕೂಗಿದ. ಅವನ ಕನ್ನಡಿ ಗೋಡೆಯ ಸಮೇತ ಹಿಂದಕ್ಕೆ ವಾಲಿ, ಕುರ್ಚಿಯಲ್ಲಿ ಕೂತವನಿಗೆ ತನ್ನ ಮುಖದ ಬದಲು ಛಾವಣಿ ಕಾಣುತ್ತಿತ್ತಂತೆ. ಬ್ಯಾಂಕಿನ ಬೀರುಗಳ ಬಾಗಿಲು ತಾವಾಗಿಯೇ ತೆರೆದುಕೊಂಡವು. ಶಾಲೆಯ ಮಕ್ಕಳು ಚಪ್ಪಾಳೆ ಹೊಡೆಯುತ್ತ ಹೊರಗೆ ಓಡಿಬಂದರು. ಪುರಸಭೆ ಕಚೇರಿ ಅಷ್ಟೆತ್ತರದ್ದು, ಅದು ಉತ್ತರಕ್ಕೆ ಬಾಗಿ ಯಾರನ್ನೋ ಇಣುಕಿ ನೋಡುವಂತಿತ್ತು. ಓಬಳೇಶ ಕಟ್ಟಿದ್ದು ಯಾವುದೂ ನೆಟ್ಟಗೆ ನಿಂತಂತೆ ಕಾಣಲಿಲ್ಲ.

ಉತ್ತರಕ್ಕೆ ದೊಡ್ಡೂರು. ದೊಡ್ಡೂರಿನಲ್ಲಿ ಓಬಳೇಶ. ಇಷ್ಟು ದಿನ ಸುಮ್ಮನಿದ್ದ ಗೋಡೆಗಳು ಇವತ್ತು ಯಾಕೆ ವಾಲಿದವು? ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕಿಯೊಬ್ಬಳು, ಅಯ್ಯೋ ನಮ್ಮ ಓಬಳೇಶ ಹೋಗ್ಬಿಟ್ನಲ್ಲಪ್ಪಾ ಎಂದು ರಾಗ ತೆಗೆದಳು. ಇನ್ನಷ್ಟು ಹೆಂಗಸರು ಸೇರಿಕೊಂಡರು. ರುದ್ರಮುನಿಯವರ ಕಣ್ಣಲ್ಲೂ ನೀರು ಬಂತು. ಓಬಳೇಶನ ನಂಬರಿಗೇ ಫೋನ್ ಮಾಡಿದರು, ದೇಹ ಎಲ್ಲಿದೆ ಎಂದು ಅಲ್ಲಿದ್ದವರನ್ನು ಕೇಳೋಣವೆಂದು.

"ಹೇಳಿ ಸಾವ್ಕಾರ್ರೇ," ಎಂದಿತು ಓಬಳೇಶನ ದನಿ. "ಊಟಕ್ಕೆ ಕೂತಿದೀನಿ."

"ಲೇ, ನೀನು ಸತ್ತಿಲ್ವೇನೋ?"

"ಇಲ್ವಲ್ಲ. ಯಾಕೆ, ಸಾಯ್ಬೇಕಿತ್ತಾ?"

ಅಳು ಹಾಗೇ ನಿಂತಿತು. ಹಾಗಾದರೆ ಹೋದವರು ಯಾರು? ಚೌಕದಲ್ಲಿ ನಿಂತು ಎಲ್ಲರ ಹೆಸರು ಕೂಗಿದರು. ಮೇಸ್ತ್ರಿಗಳೆಲ್ಲ ಇದ್ದರು. ನನ್ನ ಕಣ್ಣು ಮೂಲೆಯಲ್ಲಿ ಬೋರಲು ಬಿದ್ದಿದ್ದ ಬಕೆಟ್ಟಿನ ಮೇಲೆ ಹೋಯಿತು. "ಪಾಲಕ್ಕ ಬಸ್ಸು ಹತ್ತಿದಾಳಲ್ಲ," ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ಮರುದಿನ ಸಂಜೆಯ ಬಸ್ಸಿಗೆ ಮರಳಿದಳು. ಬಸ್ಸು ಗಡಿಕಲ್ಲು ದಾಟಿದ್ದೇ ತಡ ಊರಿಗೆ ಊರೇ ಒಂದು ಸಲ ಮೈಮುರಿದು ನೆಟ್ಟಗಾಯಿತು. ಆಗ ನಕ್ಕವರು ಯಾರೂ ಇಲ್ಲ.

ಎಷ್ಟು ಸರಳ ತಪ್ಪು ನೋಡಿ. ಹಿಂದೆಲ್ಲ ಮೇಸ್ತ್ರಿ ಊರು ಬಿಟ್ಟರೆ ಹೆಂಡತಿಯೂ ಜೊತೆಗೆ ಹೋಗುತ್ತಿದ್ದಳು. ಇಬ್ಬರೂ ಹೋದಾಗ ಗೋಡೆ ವಾಲಿತು, ನಾವು ಗಂಡನ ಕಡೆಗೆ ವಾಲಿತು ಅಂದುಕೊಂಡೆವು. ಕಟ್ಟಿದವನು ಒಬ್ಬ, ನೀರು ಹಾಕಿದವಳು ಇನ್ನೊಬ್ಬಳು ಎನ್ನುವ ಕಾಲ ಬರುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ತಾತ ಮುತ್ತಾತನ ಕಾಲದಿಂದ ಇಡೀ ಊರು ತಪ್ಪು ಮನುಷ್ಯನ ಕಾಲು ಹಿಡಿದಿತ್ತು.

ಖುಷಿಯಾಗಬೇಕಿತ್ತು ನನಗೆ. ಆದರೆ ಮಾರನೇ ದಿನ ಪುರಸಭೆ ಕಚೇರಿಯ ಮುಂದೆ ಸಭೆ ಸೇರಿ ಪಾಲಕ್ಕನಿಗೆ ಕುರ್ಚಿ ಹಾಕಿದಾಗಲೇ ನನಗೆ ಅನುಮಾನ ಬಂತು. ಊರ ಹಿರಿಯರು ಕೂಲಿಯವಳಿಗೆ ಕುರ್ಚಿ ಹಾಕಿದ್ದನ್ನು ನಾನು ಕಂಡವಳೇ ಅಲ್ಲ. ರುದ್ರಮುನಿ ದನಿಗೆ ಬೆಣ್ಣೆ ಸವರಿಕೊಂಡಿದ್ದರು.

"ನೋಡು ಪಾಲಮ್ಮಾ, ಇವತ್ತಿಂದ ನಿನಗೆ ಓಬಳೇಶನಷ್ಟೇ ಕೂಲಿ. ಆಸ್ಪತ್ರೆ ಹಿಂದೆ ಖಾಲಿ ಇರೋ ಮನೆ ನಿನಗೇ. ಒಂದೇ ಮಾತು, ಊರು ಬಿಡಂಗಿಲ್ಲ."

"ಮಗಳ ಹೆರಿಗೆ ಐತೆ ಸಾವ್ಕಾರ್ರೇ. ಬರೋ ತಿಂಗಳು."

"ಇಲ್ಲಿಗೇ ಕರಕೊಂಡು ಬಾ. ನಮ್ಮೂರಲ್ಲೇ ಹೆರಿಗೆ ಆಸ್ಪತ್ರೆ ಐತಲ್ಲ."

"ಅಲುಗಾಡಬ್ಯಾಡ ಅಂದಿದಾರೆ ಡಾಕ್ಟ್ರು. ನಾನೇ ಹೋಗ್ಬೇಕು. ಗಂಡ ಕೆಲ್ಸಕ್ಕೆ ಹೋದ್ರೆ ಅವಳಿಗೆ ನನ್ನ ಬಿಟ್ರೆ ಯಾರಿಲ್ಲ."

ಹಿರಿಯರೊಬ್ಬರು, ಆಸ್ಪತ್ರೆ ವಾಲಿದರೆ ಅಲ್ಲಿರುವ ಬಾಣಂತಿಯರ ಗತಿ ಏನು, ಶಾಲೆ ವಾಲಿದರೆ ಮಕ್ಕಳ ಗತಿ ಏನು, ನಿನಗೂ ಅಂತಃಕರಣ ಇರಬೇಕಲ್ಲ ಎಂದರು. ಕೊನೆಗೆ, ಬಸ್ಸಿನವರಿಗೆ ಹೇಳಿ ಇಟ್ಟಿದ್ದೇವೆ, ನಿನ್ನನ್ನು ಹತ್ತಿಸಿಕೊಳ್ಳುವುದಿಲ್ಲ ಎಂದೂ ಸೇರಿಸಿದರು. ನಾನು ಎದ್ದು ನಿಂತು, ಮೊನ್ನೆ ತನಕ ಇವಳಿಗೆ ಕಾಲು ಕೂಲಿ ಕೊಡುವಾಗ ನಿಮ್ಮ ಅಂತಃಕರಣ ಯಾವ ಬೀರುವಿನಲ್ಲಿತ್ತು ಎಂದು ಬಾಯಿಗೆ ಬಂದದ್ದು ಅಂದೆ. ಪಾಲಕ್ಕ ಕುರ್ಚಿಯಿಂದೆದ್ದಳು.

"ನಾನು ಗೋಡೆಗೆ ನೀರು ಹಾಕಿದೀನಿ. ನನ್ನ ಸುತ್ತ ಬೇಲಿ ಹಾಕ್ಕೊಂಡಿಲ್ಲ," ಎಂದು ಹೊರಟುಬಂದಳು.

ಅಂಗಡಿಯ ಒಳಗೆ ಬಂದ ಮೇಲೆ ಅತ್ತಳು. ಅವಳು ಅತ್ತದ್ದನ್ನು ನಾನು ಗಂಡ ಸತ್ತಾಗ ಬಿಟ್ಟರೆ ನೋಡಿರಲಿಲ್ಲ. ಏನೇ ಆಗಲಿ, ನಡಕೊಂಡಾದರೂ ಹೋಗ್ತೀನಿ ಅಂದಳು. ಮರುಕ್ಷಣವೇ, ನಮ್ಮೂರ ಆಸ್ಪತ್ರೆಯಲ್ಲೂ ಯಾರೋ ತಾಯಿ ಮಗಳ ಪಕ್ಕ ಕೂತಿರ್ತಾಳಲ್ಲ ಕೊಟ್ರಕ್ಕ, ಗೋಡೆ ಅಲ್ಲಾಡಿದ್ರೆ ಆ ಹುಡುಗಿ ಎಷ್ಟು ಹೆದರ್ಕೋತಾಳೆ ಅಂದಳು. ಹೋಗಲೂ ಆಗದು, ಇರಲೂ ಆಗದು. ನನಗೂ ದಾರಿ ಕಾಣಲಿಲ್ಲ. ಚಹಾ ಮಾಡಿ ಕೊಟ್ಟೆ.

ಆಗಲೇ ಕ್ಷೌರದ ಮಲ್ಲಣ್ಣ ಬಂದು ಕೂತ. ಅವನಿಗೆ ಬೇರೆಯೇ ಹೊಟ್ಟೆಕಿಚ್ಚು. "ಊರೆಲ್ಲ ವಾಲಿದ್ರೂ ಆ ಜಿಪುಣ ಗುರುಸಿದ್ದಪ್ಪನ ಮನೆ ಮಾತ್ರ ನೆಟ್ಟಗಿತ್ತು ನೋಡಕ್ಕ! ಅದೂ ಓಬಳೇಶ ಕಟ್ಟಿದ್ದೇ," ಎಂದ. ಪಾಲಕ್ಕ ಲೋಟ ಕೆಳಗಿಟ್ಟಳು. "ಅವರ ಮನೆಗೆ ನಾನು ನೀರು ಹಾಕಿಲ್ಲ," ಎಂದಳು. ಮೂವರೂ ಎದ್ದು ಗುರುಸಿದ್ದಪ್ಪನ ಮನೆಗೆ ಹೋದೆವು. ಆತ ಬಾಗಿಲನ್ನು ಅರ್ಧ ಮಾತ್ರ ತೆರೆದು, ನೀರಿಗೂ ದುಡ್ಡು ಕೊಡ್ಬೇಕಾ, ನನಗೇನು ಹುಚ್ಚಾ, ನಾನೂ ನನ್ನ ಸೊಸೆಯೂ ಹಾಕ್ಕೊಂಡ್ವಿ ಎಂದ. ಅವನು ತಿಂಗಳಿಗೊಮ್ಮೆ ಪೇಟೆಗೆ ಹೋಗುತ್ತಾನೆ, ಸೊಸೆ ಆಗಾಗ ತವರಿಗೆ ಹೋಗುತ್ತಾಳೆ. ಇಬ್ಬರಲ್ಲಿ ಒಬ್ಬರು ಊರಲ್ಲಿದ್ದರೆ ಸಾಕು, ಗೋಡೆ ಮಿಸುಕುವುದಿಲ್ಲ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಮಾತನ್ನೂ ಪುಕ್ಕಟೆ ಕೊಡುವವನಲ್ಲ.

ಒಣಗಿದ ಹಳೇ ಗೋಡೆ ಹೊಸಬರ ನೀರು ಕುಡಿಯುತ್ತದೆಯೇ? ಗೊತ್ತಾಗಬೇಕಿತ್ತು. ಮಲ್ಲಣ್ಣನನ್ನೇ ಹಿಡಿದೆವು. ಮೊದಲ ದಿನ ಅವನು ಪೈಪು ಹಿಡಿದು ಬೆಂಕಿ ಆರಿಸುವವನಂತೆ ನೀರು ರಾಚಿದ. ಗೋಡೆ ಒಂದು ಹನಿಯನ್ನೂ ಕುಡಿಯದೆ ಎಲ್ಲವನ್ನೂ ಅವನ ಪಂಚೆಯ ಮೇಲೆ ಇಳಿಸಿತು. ಪಾಲಕ್ಕ ಪೈಪು ಕಿತ್ತುಕೊಂಡು ಅವನ ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದಳು. "ಸುಮ್ಕೆ ನಿಂತ್ಕೋ. ಬಿಸಿ ಐತಾ? ಇನ್ನೂ ಹೊತ್ತು ಬಂದಿಲ್ಲ. ಈಗ ನೋಡು, ತಣ್ಣಗಾಯ್ತಾ? ಈಗ ಮೇಲಿಂದ, ಒಂದೇ ಚೊಂಬು." ಹೀಗೆ ಬೆಳಿಗ್ಗೆ ಸಂಜೆ ಕಲಿಸಿದಳು. ಮಲ್ಲಣ್ಣ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಎದ್ದುಹೋಗಿ ಗೋಡೆಗೆ ಕೈಯಿಟ್ಟು ನಿಲ್ಲುವಷ್ಟಾದ. ಆಮೇಲೆ ಒಂದು ಬೆಳಿಗ್ಗೆ ಪಾಲಕ್ಕ ಗಡಿಕಲ್ಲಿನವರೆಗೆ ನಡೆದುಹೋಗಿ ಆಚೆಗೆ ಕಾಲಿಟ್ಟಳು. ನನ್ನ ಲೋಟಗಳು ಸರಿದವು, ಬ್ಯಾಂಕಿನವರು ಕೂಗಾಡಿದರು. ಮಲ್ಲಣ್ಣ ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಿಕೊಂಡು "ಕಾಣ್ತೈತೆ! ಮೂಗು ಕಾಣ್ತೈತೆ!" ಎಂದು ಬೀದಿಯಲ್ಲಿ ಕುಣಿದ.

ಅದೇ ಹೊತ್ತಿಗೆ ಓಬಳೇಶ ಊರಿಗೆ ಬಂದ. ಕೆಂಪು ಬ್ಯಾಗು ಕಂಕುಳಲ್ಲಿತ್ತು. ನೇರ ನನ್ನ ಬೆಂಚಿಗೆ ಬಂದು ಕೂತು, ಚಹಾ ಕೊಟ್ಟರೂ ಮುಟ್ಟದೆ ಕೇಳಿದ.

"ಅಕ್ಕಾ, ನಾನು ಹೋದಾಗ ಒಂದಾದ್ರೂ ವಾಲಿತ್ತಾ? ಯಾವ್ದಾದ್ರೂ ಒಂದು? ಬಚ್ಚಲುಮನೆ ಗೋಡೆ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. "ಇಲ್ಲ ಕಣಪ್ಪ," ಎಂದೆ. ಅವನು ತಲೆಯಾಡಿಸಿದ. ಊರನ್ನೇ ಬ್ಯಾಗಿನಲ್ಲಿ ಹೊತ್ತು ತಿರುಗುತ್ತಿದ್ದವನು ಅವತ್ತು ಬಹಳ ಚಿಕ್ಕವನಾಗಿ ಕಂಡ. ಅವನ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲಿಗೆ ಇಳಿದುಹೋಯಿತು. ಬನ್ನು ಕೊಟ್ಟೆ, ಅವತ್ತಿನದ್ದೇ.

ಎರಡನೇ ಸಭೆಗೆ ಕುರ್ಚಿ ಹಾಕುವ ಮೊದಲೇ ಪಾಲಕ್ಕ ಹೋಗಿ ನಿಂತಿದ್ದಳು. ಅವಳ ಹಿಂದೆ ಚೌಕದ ಹೆಂಗಸರೆಲ್ಲ ಚೊಂಬು ಹಿಡಿದು ನಿಂತಿದ್ದರು. ಅವಳು ಹೇಳಿದ್ದು ಇಷ್ಟೆ: ಎಲ್ಲರಿಗೂ ಕಲಿಸುತ್ತೇನೆ. ಮನೆಗಳಿಗೆ ಮನೆಯವರು ನೀರು ಹಾಕಲಿ, ಶಾಲೆ ಆಸ್ಪತ್ರೆ ಬ್ಯಾಂಕಿಗೆ ಈ ಹೆಂಗಸರು ಸರದಿಯ ಮೇಲೆ ಹಾಕುತ್ತಾರೆ. ಯಾರಾದರೂ ಒಬ್ಬರು ಊರಲ್ಲಿ ಇದ್ದೇ ಇರುತ್ತಾರೆ. ಆದರೆ ಇನ್ನು ಮೇಲೆ ನೀರು ಹಾಕುವವರಿಗೆ ಮೇಸ್ತ್ರಿಯಷ್ಟೇ ಕೂಲಿ, ನನಗೊಬ್ಬಳಿಗಲ್ಲ, ಎಲ್ಲರಿಗೂ. ಇಳಿಸಿದ ಮೇಸ್ತ್ರಿಗಳ ಕೂಲಿಯೂ ಮೊದಲಿನಂತಾಗಬೇಕು. ಮತ್ತೆ ಬಸ್ಸು ಹತ್ತುವುದಕ್ಕೆ ಯಾರೂ ಯಾರನ್ನೂ ಕೇಳುವ ಹಾಗಿಲ್ಲ.

"ಎಲ್ಲರಿಗೂ ಅಂದ್ರೆ ಹೆಂಗಮ್ಮಾ? ಕಟ್ಟೋನೂ ನೀರು ಹಾಕೋಳೂ ಒಂದೇನಾ?" ಎಂದು ರುದ್ರಮುನಿ ಮೂಗು ಮುರಿದರು. ಹೆಂಗಸರ ಹಿಂದಿನಿಂದ ಓಬಳೇಶನ ದನಿ ಬಂತು.

"ಒಂದೇ ಸಾವ್ಕಾರ್ರೇ. ನಾನು ಎಬ್ಬಿಸ್ತೀನಿ, ಅವಳು ನಿಲ್ಲಿಸ್ತಾಳೆ. ಇಲ್ಲ ಅನ್ನೋದಾದ್ರೆ ಹೇಳಿ, ನಾವಿಬ್ರೂ ಒಟ್ಟಿಗೇ ದೊಡ್ಡೂರಿನ ಬಸ್ಸು ಹತ್ತುತೀವಿ. ಅಲ್ಲಿ ಗಾರೆಯವರು ಸಿಗ್ತಿಲ್ಲ ಅಂತ ತಲೆ ಚಚ್ಕೋತಿದಾರೆ." ಬ್ಯಾಗನ್ನು ಹೆಗಲಿಗೇರಿಸಿಯೇ ಬಂದಿದ್ದ ಆಸಾಮಿ. ಈ ಸಲ ಮಾತ್ರ ಆ ಬ್ಯಾಗು ನನಗೆ ಚೆಂದ ಕಂಡಿತು. ರುದ್ರಮುನಿ ಪುರಸಭೆ ಕಚೇರಿಯ ಗೋಡೆಯನ್ನು ಒಮ್ಮೆ, ಪಾಲಕ್ಕನನ್ನು ಒಮ್ಮೆ ನೋಡಿ, ಆಯ್ತು ಎಂದರು. ಸಂತೋಷದಿಂದ ಹೇಳಲಿಲ್ಲ, ಆದರೆ ಹೇಳಿದರು.

ಆಮೇಲೆ ನೀವು ನಮ್ಮೂರನ್ನು ನೋಡಬೇಕಿತ್ತು. ಬ್ಯಾಂಕ್ ಮ್ಯಾನೇಜರು, ಟೀಚರುಗಳು, ಹೊಸ ಮದುಮಗ, ಹಲ್ಲಿಲ್ಲದ ಮುದುಕಿ, ಎಲ್ಲರೂ ಅಂಗೈಯನ್ನು ಗೋಡೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತವರೇ. ಜಗಳವಾಡಿದ ಗಂಡ ಹೆಂಡತಿ ಮಾತು ಬಿಟ್ಟರೂ ಗೋಡೆಯ ಆ ಬದಿ ಈ ಬದಿ ನಿಂತು ನೀರು ಹಾಕುತ್ತಿದ್ದರು. ಪಾಲಕ್ಕ ಮನೆಯಿಂದ ಮನೆಗೆ ತಿರುಗಿ, ಹೊತ್ತಲ್ಲದ ಹೊತ್ತಲ್ಲಿ ಚೊಂಬೆತ್ತಿದವರ ಕೈ ಹಿಡಿದು ನಿಲ್ಲಿಸುತ್ತಿದ್ದಳು. ಓಬಳೇಶನೂ ಕಲಿತ, ಎಲ್ಲರಿಗಿಂತ ತಡವಾಗಿ. ಅವನ ಅಂಗೈ ಸಿಮೆಂಟಿನಲ್ಲಿ ಜಡ್ಡುಗಟ್ಟಿ ಹೋಗಿತ್ತು, ಬಿಸಿ ತಂಪು ತಿಳಿಯುತ್ತಿರಲಿಲ್ಲ. ಕೆನ್ನೆ ಆನಿಸಿ ನೋಡು ಎಂದಳು ಪಾಲಕ್ಕ. ಅಷ್ಟು ದೊಡ್ಡ ಮೇಸ್ತ್ರಿ ತಾನೇ ಕಟ್ಟಿದ ಶಾಲೆಯ ಗೋಡೆಗೆ ಕೆನ್ನೆ ಒತ್ತಿಕೊಂಡು ನಿಂತದ್ದನ್ನು ಮಕ್ಕಳು ಸುಮ್ಮನೆ ನೋಡಿದರು. ಯಾರೂ ನಗಲಿಲ್ಲ.

ಪಾಲಕ್ಕ ನನ್ನ ಅಂಗಡಿಗೂ ಬಂದು, "ನಿನ್ನ ಗೋಡೆಗೆ ಹಾಕಿದ್ಯಾ?" ಎಂದು ಕೇಳಿದಳು. "ಗಿರಾಕಿ ಬಿಟ್ಟು ಎಲ್ಲಿ ಹಾಕ್ಲಿ? ಹಾಕ್ತೀನಿ ಹೋಗೇ," ಎಂದು ಗದರಿದೆ.

ಹುಲಿಗಿಗೆ ದಿನ ಹತ್ತಿರವಾದಾಗ ಪಾಲಕ್ಕ ಹೊರಟಳು. ಬಸ್ ನಿಲ್ದಾಣಕ್ಕೆ ಊರೇ ಬಂದಿತ್ತು. ಕಂಡಕ್ಟರು ಕಿಟಕಿ ಪಕ್ಕದ ಸೀಟು ಕೊಟ್ಟ. ಅವಳು ಒಳಗೆ ಕೂತು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಬಸ್ಸು ಹೊರಟ ಮೇಲೆ ಎಲ್ಲರೂ ಅವರವರ ಗೋಡೆಗಳ ಹತ್ತಿರ ಓಡಿದರು, ನಾನು ಅಂಗಡಿಗೆ ಬಂದೆ. ಗಡಿಕಲ್ಲು ದಾಟುವ ಹೊತ್ತಾಯಿತು. ಶಾಲೆ ನಿಂತಿತ್ತು, ಆಸ್ಪತ್ರೆ ನಿಂತಿತ್ತು, ಪುರಸಭೆ ನಿಂತಿತ್ತು. ಮಲ್ಲಣ್ಣ ಮೂಗು ತೋರಿಸಿ ಕೈಬೀಸಿದ. ಎಲ್ಲೋ ಯಾರೋ ಶಿಳ್ಳೆ ಹೊಡೆದರು.

ಹೆರಿಗೆ ಕಷ್ಟದ್ದೇ ಆಯಿತಂತೆ. ಆದರೆ ತಾಯಿ ಪಕ್ಕದಲ್ಲಿದ್ದಳು. ಮೂರನೆಯ ದಿನ ಪಾಲಕ್ಕ ಫೋನು ಮಾಡಿದಳು. ಹೆಣ್ಣು ಮಗು, ಹುಲಿಗಿ ಗಂಜಿ ಕುಡಿದಳು, ಮಗು ಅಳುವುದು ನಮ್ಮೂರಿನ ಬಸ್ಸಿನ ಹಾರನ್ನಿನ ಹಾಗೆ ಎಂದೆಲ್ಲ ಹೇಳಿದಳು. ಆಮೇಲೆ ಕೇಳಿದಳು.

"ಊರು ಹೆಂಗೈತೆ ಕೊಟ್ರಕ್ಕ? ಎಲ್ಲಾ ನೆಟ್ಟಗೈತಾ?"

"ಐತೆ ಕಣೇ. ನೀನು ಕಲಿಸಿದ್ದು ಸುಳ್ಳಾಗ್ತದಾ?"

"ಒಳ್ಳೇದಾತು ಬಿಡು." ಫೋನು ಇಡಲಿಲ್ಲ. "ಒಂದೂ ವಾಲ್ಲಿಲ್ವಾ?"

ಈ ಪ್ರಶ್ನೆಯನ್ನು ನಾನು ಮೊದಲೊಮ್ಮೆ ಇದೇ ಬೆಂಚಿನ ಮೇಲೆ ಕೇಳಿಸಿಕೊಂಡಿದ್ದೆ. ಇದು ಬಂದೇ ಬರುತ್ತದೆ ಎಂದು ಅವತ್ತೇ ಅಂದುಕೊಂಡಿದ್ದೆ. ತಿರುಗಿ ನೋಡಿದೆ. ಹಿಂದಿನ ಗೋಡೆ ಉತ್ತರಕ್ಕೆ ಎರಡು ಬೆರಳು ವಾಲಿತ್ತು. ಲೋಟಗಳೆಲ್ಲ ಅದಕ್ಕೆ ಒರಗಿ ಸಾಲಾಗಿ ನಿಂತಿದ್ದವು.

"ನಂದೊಂದು ವಾಲೈತೆ ಪಾಲಿ. ಅಷ್ಟೂ ದಿನದಲ್ಲಿ ನಾನು ಒಂದು ಚೊಂಬು ನೀರೂ ಹಾಕ್ಲಿಲ್ಲ."

ಆ ಕಡೆ ಅವಳು ನಕ್ಕಳೋ ಅತ್ತಳೋ, ಮಗುವೂ ದನಿ ಸೇರಿಸಿದ್ದರಿಂದ ತಿಳಿಯಲಿಲ್ಲ. "ಲೋಟ ಒಡೀತಾವೆ ಕಣಕ್ಕಾ," ಎಂದಷ್ಟೇ ಕೇಳಿಸಿತು. "ಒಡೀಲಿ," ಎಂದೆ. ನನ್ನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

ಬಾಣಂತನ ಮುಗಿಯುವವರೆಗೆ ಆ ಗೋಡೆ ಹಾಗೇ ಇತ್ತು, ದಿನ ಹೋದಂತೆ ಗೇಣುದ್ದ ವಾಲಿತು. ಗಿರಾಕಿಗಳು ಬೊಂಬು ಆನಿಸಿ ಅಕ್ಕ, ಓಬಳೇಶನಿಗೆ ಹೇಳಿ ಅಕ್ಕ ಎಂದು ಬುದ್ಧಿ ಹೇಳಿದರು. ಓಬಳೇಶ ಮಾತ್ರ ಆ ಗೋಡೆಯ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಅವನೂ ಈಗ ಹೊಸದೊಂದು ಮನೆ ಕಟ್ಟಿ ಅದಕ್ಕೆ ತಾನೇ ನೀರು ಹಾಕುತ್ತಿದ್ದಾನೆ. ಚೌಕದಲ್ಲಿ ಆಟೋ ಮಾರಿ ಬಂದ ಇಬ್ಬರು ಹುಡುಗರು ಅವನ ಹಿಂದೆ ಕರಣೆ ಹಿಡಿದಿದ್ದಾರೆ. ಈಗ ಬೇಕಾದಾಗ ಊರು ಬಿಡಬಹುದಲ್ಲ ಎನ್ನುತ್ತಾರೆ. ಹಾಗಾಗಿ ಅವರು ಇಲ್ಲೇ ಇದ್ದಾರೆ. ಹೆಂಗಸರು ಬನ್ನು ಕೇಳುತ್ತಾರೆ, ನಿನ್ನೆಯದನ್ನು ಯಾರೂ ಕೇಳುವುದಿಲ್ಲ.

ನಿನ್ನೆ ಬೆಳಿಗ್ಗೆ ಹೊತ್ತೇರಿದಾಗ ನಾನು ಸೊಪ್ಪು ಸೋಸುತ್ತ ಕೂತಿದ್ದೆ. ಬೆನ್ನ ಹಿಂದೆ ಲೋಟಗಳು ಕಿಣಿಕಿಣಿ ಎಂದವು. ಹಲಗೆ ಮೆಲ್ಲಗೆ ಮಟ್ಟಕ್ಕೆ ಬಂತು. ಗಡಿಕಲ್ಲಿನಿಂದ ನಿಲ್ದಾಣಕ್ಕೆ ಬಸ್ಸು ಬರಬೇಕು, ಅಲ್ಲಿಂದ ಅವಳು ಮಗಳನ್ನೂ ಮೊಮ್ಮಗಳನ್ನೂ ಇಳಿಸಿಕೊಂಡು ಚೌಕದವರೆಗೆ ನಡೆಯಬೇಕು. ಹಾಲು ಕಾಯಲು ಅಷ್ಟು ಹೊತ್ತು ಸಾಕು. ಸೊಪ್ಪು ಬಿಟ್ಟು ಎದ್ದು ಒಲೆ ಹಚ್ಚಿದೆ.